ಮಾಯದ ಕಾಲುಹುಣ್ಣು: ಗೋಕಾಕ ಭಾಗದ ದುಡಿಮೆ ಮತ್ತು ಚಿಕಿತ್ಸೆಯ ಕ್ರಮ

ನಾಲ್ಕು ವಾರ ಕಳೆದರೂ ಮಾಯುವ ಲಕ್ಷಣ ತೋರದ ಗಾಯವನ್ನು ವೈದ್ಯರು ಸಾಮಾನ್ಯವಾಗಿ ದೀರ್ಘಕಾಲಿಕವೆಂದು ಗಣಿಸುತ್ತಾರೆ. ಕಾಲಿನಲ್ಲಿ ಇಂಥ ಹುಣ್ಣುಗಳಿಗೆ ಮುಖ್ಯ ಮೂಲಗಳು ಮೂರು: ಅಭಿಧಮನಿಯ ಕವಾಟ ಕೆಟ್ಟು ರಕ್ತ ಕೆಳಗೇ ತಂಗುವುದು; ಅಪಧಮನಿ ಕಟ್ಟಿ ಪಾದಕ್ಕೆ ರಕ್ತ ಸಾಲದಾಗುವುದು; ಮಧುಮೇಹ ಅಥವಾ ಕುಷ್ಠರೋಗದಿಂದ ನರ ಕೆಟ್ಟು ಪಾದ ಸ್ಪರ್ಶ ಕಳೆದುಕೊಳ್ಳುವುದು. ಹುಣ್ಣಿಗೆ ಏನು ಹಚ್ಚಬೇಕೆಂದು ಯೋಚಿಸುವ ಮೊದಲೇ ಈ ಮೂಲದ ನಿರ್ಣಯವಾಗಬೇಕು ಎಂಬುದು ಇಲ್ಲಿಯ ವಾದ.

ಗೋಕಾಕ ಭಾಗದ ದುಡಿಮೆಯೇ ಈ ನಿರ್ಣಯಕ್ಕೆ ಸುಳಿವು ಕೊಡುತ್ತದೆ. ಘಟಪ್ರಭೆ 52 ಮೀಟರ್ ಧುಮುಕುವ ಗೋಕಾಕ ಫಾಲ್ಸ್‌ನಲ್ಲಿ 1885ರಲ್ಲಿ ಸ್ಥಾಪನೆಯಾದ ನೂಲಿನ ಗಿರಣಿ ಹಲವು ತಲೆಮಾರುಗಳಿಗೆ ಅನ್ನ ನೀಡಿದೆ. ನೂಲುವ ಯಂತ್ರದ ಮುಂದಿನ ಪಾಳಿಯೆಂದರೆ ನಿಂತೇ ಮಾಡುವ ಕೆಲಸ. ದೀರ್ಘಕಾಲ ನಿಲ್ಲುವುದು ಕಾಲಿನ ಅಭಿಧಮನಿ ಉಬ್ಬಿಕೊಳ್ಳುವ ವೆರಿಕೋಸ್ ವೇನ್ಸ್‌ನ ಗುರುತಿಸಲ್ಪಟ್ಟ ಕಾರಣಗಳಲ್ಲೊಂದು. ಅದರಿಂದಾಗುವ ಹುಣ್ಣು ಹೆಚ್ಚಾಗಿ ಒಳಗಿನ ಹರಡಿನ ಮೇಲ್ಭಾಗದಲ್ಲಿ, ಸುತ್ತಲ ಚರ್ಮ ಕಪ್ಪಾಗಿ ಗಟ್ಟಿಯಾದಲ್ಲಿ, ಏಳುತ್ತದೆ. ಮೂಡಲಗಿ, ಹುಕ್ಕೇರಿಗಳ ಕಬ್ಬಿನ ಹೊಲದಲ್ಲಿ ಅಪಾಯ ಬೇರೆ. ಕಡಿದ ಕಬ್ಬಿನ ಚೂಪು ಬುಡ ಬರಿಗಾಲಿಗೆ ಚುಚ್ಚಿದರೂ ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಪಾದಕ್ಕೆ ನೋವೇ ಆಗದು. ನೋವಿಲ್ಲದ್ದರಿಂದ ನಡಿಗೆ ನಿಲ್ಲುವುದಿಲ್ಲ, ನಡಿಗೆ ನಿಲ್ಲದ್ದರಿಂದ ಹುಣ್ಣು ಆಳಕ್ಕಿಳಿಯುತ್ತದೆ.

ಅಭಿಧಮನಿಯ ಹುಣ್ಣಿಗೆ ಒತ್ತುಪಟ್ಟಿಯೇ ಮೂಲ ಚಿಕಿತ್ಸೆ. ಹರಡಿನ ಬಳಿ ಸುಮಾರು 40 ಮಿ.ಮೀ. ಪಾದರಸದಷ್ಟು ಒತ್ತಡವಿದ್ದು ಮೇಲಕ್ಕೆ ಹೋದಂತೆ ಅದು ಇಳಿಯಬೇಕು. ಆದರೆ ಅಪಧಮನಿ ಕಟ್ಟಿದ ಕಾಲಿಗೆ ಇದೇ ಪಟ್ಟಿ ಗ್ಯಾಂಗ್ರೀನ್ ತರಬಲ್ಲದು. ಆದ್ದರಿಂದ ಹರಡಿನ ರಕ್ತದೊತ್ತಡವನ್ನು ತೋಳಿನದಕ್ಕೆ ಹೋಲಿಸಿ ನೋಡಬೇಕು, ಅನುಪಾತ 0.8ಕ್ಕಿಂತ ಕಡಿಮೆಯಿದ್ದರೆ ಪೂರ್ಣ ಒತ್ತಡ ಸಲ್ಲದು. ಇದಕ್ಕೆ ಬೇಕಾದದ್ದು ಅಂಗೈಯಲ್ಲಿ ಹಿಡಿಯುವಂಥ ಡಾಪ್ಲರ್ ಮತ್ತು ಬಿಪಿ ಪಟ್ಟಿ ಮಾತ್ರ. ತಾಲ್ಲೂಕು ಆಸ್ಪತ್ರೆಗಳಲ್ಲೆಲ್ಲ ಇವು ಇರಬೇಕೆಂದು ನಾನು ಒತ್ತಿ ಹೇಳುತ್ತೇನೆ. ಕೆಟ್ಟ ಅಭಿಧಮನಿಯನ್ನು ಬೇಗ ಮುಚ್ಚಿದರೆ ಲಾಭ ಹೆಚ್ಚು: 2018ರಲ್ಲಿ ಪ್ರಕಟವಾದ, 450 ರೋಗಿಗಳ ಬ್ರಿಟಿಷ್ ಪ್ರಯೋಗದಲ್ಲಿ ಒತ್ತುಪಟ್ಟಿಯ ಜೊತೆ ಬೇಗನೆ ಈ ಚಿಕಿತ್ಸೆ ಪಡೆದವರ ಹುಣ್ಣು ಮಾಯಲು ಹಿಡಿದ ಮಧ್ಯಕ ಅವಧಿ 56 ದಿನ, ತಡವಾಗಿ ಪಡೆದವರದು 82 ದಿನ.

ಸ್ಪರ್ಶ ಕಳೆದುಕೊಂಡ ಪಾದಕ್ಕೆ ಬೇಕಾದದ್ದು ಭಾರದಿಂದ ಬಿಡುಗಡೆ. ಪಾದಕ್ಕೆ ಅಂಟಿದಂತೆ ಕೂರುವ ಪ್ಲಾಸ್ಟರ್ ಅಚ್ಚಿನ ವಿಧಾನವನ್ನು ಕುಷ್ಠರೋಗದ ಹುಣ್ಣಿಗಾಗಿ ಬಳಸಿ ಬೆಳೆಸಿದವರಲ್ಲಿ ವೆಲ್ಲೂರಿನ ಪಾಲ್ ಬ್ರ್ಯಾಂಡ್ ಪ್ರಮುಖರು. ಮಧುಮೇಹಿಗಳಲ್ಲಿ 1989ರ ಅಮೆರಿಕದ ಪ್ರಯೋಗವೊಂದು ಇದನ್ನು ಪರೀಕ್ಷಿಸಿತು: ಅಚ್ಚು ಹಾಕಿಸಿಕೊಂಡ 21 ಜನರಲ್ಲಿ 19 ಮಂದಿಯ ಹುಣ್ಣು ಮಾಯಿತು, ಸಾಮಾನ್ಯ ಡ್ರೆಸಿಂಗ್ ಪಡೆದ 19 ಜನರಲ್ಲಿ 6 ಮಂದಿಯದು ಮಾತ್ರ. ಅಚ್ಚನ್ನು ರೋಗಿ ತಾನೇ ಬಿಚ್ಚಲಾರ. ಅದರ ಬಲ ಅಲ್ಲಿಯೇ ಇದೆ. ಆದರೆ ಕೂಲಿ ಬಿಟ್ಟು ಕೂರಲಾರದವರ ಕಾಲಿಗೆ ಅಚ್ಚು ಹಾಕುವಾಗ ಮನೆಯ ಊಟದ ಲೆಕ್ಕವೂ ವೈದ್ಯರ ಮುಂದಿರಬೇಕು.

ಮೇಲೆ ಹಚ್ಚುವ ಮದ್ದುಗಳನ್ನು ಅಲ್ಲಗಳೆಯುತ್ತಿಲ್ಲ. ಸೊಲ್ಲಾಪುರದಿಂದ ಎಂ. ಸುಬ್ರಹ್ಮಣ್ಯಂ 1991ರಲ್ಲಿ ಸುಟ್ಟಗಾಯಕ್ಕೆ ಜೇನಿನ ಉಪಯೋಗ ಕುರಿತು ಪ್ರಕಟಿಸಿದ ಅಧ್ಯಯನ ಜಗತ್ತಿನ ಗಮನ ಸೆಳೆಯಿತು. ಆದರೆ 2008ರಲ್ಲಿ ನ್ಯೂಜಿಲೆಂಡ್‌ನ 368 ರೋಗಿಗಳ ಅಭಿಧಮನಿ ಹುಣ್ಣುಗಳ ಕುರಿತು ಪ್ರಕಟವಾದ ಪ್ರಯೋಗದಲ್ಲಿ ಜೇನಿನ ಡ್ರೆಸಿಂಗ್‌ನಿಂದ ಗಮನಾರ್ಹ ಲಾಭ ಕಾಣಲಿಲ್ಲ. ಸುಟ್ಟಗಾಯದ ಫಲಿತಾಂಶವನ್ನು ಕಾಲುಹುಣ್ಣಿಗೆ ಹೊರಿಸಲಾಗದು. ಮಣಿಪಾಲದಲ್ಲಿ ಪ್ರಮೋದ್ ಕುಮಾರ್ ರೂಪಿಸಿದ, ಗಾಯವನ್ನು ಮುಚ್ಚಿ ಬಿಟ್ಟುಬಿಟ್ಟು ಋಣಾತ್ಮಕ ಒತ್ತಡ ಕೊಡುವ ವಿಧಾನವೂ ಕೊಳೆತ ಭಾಗ ತೆಗೆದು ಹುಣ್ಣನ್ನು ಸಿದ್ಧಪಡಿಸಿದ ಮೇಲಿನ ಮಾತು.

ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಯಾರನ್ನು ಕಳಿಸಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪಾದ ತಣ್ಣಗಾಗಿ ನಾಡಿ ಸಿಗದವರು, ಹುಣ್ಣಿನ ತಳದಲ್ಲಿ ಸಲಾಕೆಗೆ ಎಲುಬು ತಾಕುವವರು, ಕೆಂಪು ಬಾವು ಮೇಲೇರುತ್ತಿರುವವರು ಅದೇ ದಿನ ಹೊರಡಬೇಕು. ಉಳಿದವರಲ್ಲಿ ಬಹುಪಾಲು ಜನರ ಪಟ್ಟಿ ಮತ್ತು ಅಚ್ಚಿನ ಕೆಲಸವನ್ನು ತರಬೇತಾದ ದಾದಿಯರು ವೈದ್ಯರ ಮೇಲ್ವಿಚಾರಣೆಯಲ್ಲಿ ಊರ ಸಮೀಪವೇ ನಡೆಸಬಹುದು. ನಾಲ್ಕು ವಾರದಲ್ಲಿ ಹುಣ್ಣಿನ ಹರವು ಅರ್ಧಕ್ಕಾದರೂ ಇಳಿಯದಿದ್ದರೆ ರೋಗನಿರ್ಣಯವನ್ನು ಮರಳಿ ಪರಿಶೀಲಿಸಬೇಕು, ಅಂಚಿನ ಮಾಂಸದ ತುಣುಕನ್ನು ಕ್ಯಾನ್ಸರ್ ಪರೀಕ್ಷೆಗೂ ಕಳಿಸಬೇಕು.