ತೋಟ ಹಾಕುವ ಧೈರ್ಯ

ಹೊಸದಾಗಿ ಭೂಮಿಗೆ ದುಡ್ಡು ಹಾಕುವವರಿಗೆ ಈಗ ಸಿಗುವ ಬುದ್ಧಿಮಾತೆಲ್ಲ ಮನಸ್ಸಿನ ಕುರಿತದ್ದು: ಅಳುಕು ಬಿಡಿ, ಗುರಿ ಇಟ್ಟುಕೊಳ್ಳಿ, ಮುನ್ನುಗ್ಗಿ. ಮಲೆನಾಡಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಭೂಚರಿತ್ರೆ ಬೇರೆಯೇ ಕ್ರಮವನ್ನು ತೋರಿಸುತ್ತದೆ. ನೆಲ ತನ್ನ ಕೈಯಲ್ಲೇ ಉಳಿಯುತ್ತದೆಂಬ ಖಾತ್ರಿ ಮೊದಲು ಬಂತು, ಧೈರ್ಯ ಅದರ ಹಿಂದೆ. ಕಾರಣ ಬೆಳೆಯಲ್ಲೇ ಇದೆ. ಅಡಿಕೆ ಸಸಿ ನೆಟ್ಟವರು ಮೊದಲ ಗೊನೆ ನೋಡಲು ಐದಾರು ವರ್ಷ ಕಾಯಬೇಕು. ತೋಟ ತುಂಬು ಫಸಲಿಗೆ ಬರಲು ಇನ್ನೂ ಕೆಲವು ವರ್ಷ. ಅಲ್ಲಿಯವರೆಗೆ ಬಸಿಗಾಲುವೆ, ಸೊಪ್ಪು, ಗೊಬ್ಬರ, ಮಣ್ಣು, ಆಳು ಎಂದು ಖರ್ಚೇ ಖರ್ಚು. ಮುಂದಿನ ವರ್ಷ ಬಿಟ್ಟುಕೊಡಬೇಕಾದೀತು ಎನ್ನುವ ನೆಲದಲ್ಲಿ ಭತ್ತ ಬೆಳೆಯಬಹುದು. ಅಡಿಕೆ ಹಾಕುವಷ್ಟು ದಡ್ಡರು ಯಾರೂ ಇರಲಿಲ್ಲ.

ಈ ಖಾತ್ರಿಯ ಒಂದು ಹಳೆಯ ರೂಪ ಕೆಳದಿಯ ದೊರೆ ಶಿವಪ್ಪನಾಯಕನ ‘ಶಿಸ್ತು’ ಎಂಬ ಕಂದಾಯ ಪದ್ಧತಿ. 1645ರಿಂದ 1660ರವರೆಗೆ ಆಳಿದ ಆತ, ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿರುವಂತೆ, ಪ್ರತಿ ಹಳ್ಳಿಯಲ್ಲೂ ಬಗೆಬಗೆಯ ಜಮೀನನ್ನು ಹಲವು ವರ್ಷ ತನ್ನದೇ ಖರ್ಚಿನಲ್ಲಿ ಸಾಗುವಳಿ ಮಾಡಿಸಿ, ಬೀಜ, ವೆಚ್ಚ, ಹುಟ್ಟುವಳಿಗಳ ಲೆಕ್ಕ ಇಡಿಸಿ, ಸರಾಸರಿಯ ಮೂರನೇ ಒಂದು ಪಾಲನ್ನು ಕಂದಾಯವೆಂದು ಗೊತ್ತುಮಾಡಿದ. ಕಂದಾಯ ಹಗುರವಾಗಿತ್ತೋ ಭಾರವಾಗಿತ್ತೋ, ಅದು ಮೊದಲೇ ಗೊತ್ತಿತ್ತು ಎನ್ನುವುದು ಇಲ್ಲಿ ಮುಖ್ಯ. ಹತ್ತು ವರ್ಷದ ಲೆಕ್ಕ ಹಾಕಲು ಹೊರಟವನಿಗೆ ಏರಿಳಿಯುವ ತೆರಿಗೆಗಿಂತ ದೊಡ್ಡ ಶತ್ರು ಇಲ್ಲ. ಆದರೆ ಈ ನೆಮ್ಮದಿ ಕಂದಾಯ ಕಟ್ಟುವ ಭೂಒಡೆಯರಾದ ವರ್ಗದಾರರ ಅಂಗಳ ದಾಟಿ ಒಕ್ಕಲುಗಳ ಬಿಡಾರದವರೆಗೆ ಇಳಿಯಲಿಲ್ಲ. ಮಲೆನಾಡು, ಕರಾವಳಿಗಳ ಗೇಣಿ ಪದ್ಧತಿಯಲ್ಲಿ ಮೂಲಗೇಣಿಯವನ ಹಕ್ಕು ಮಕ್ಕಳಿಗೂ ಸಲ್ಲುತ್ತಿತ್ತು. ಚಾಲಗೇಣಿಯವನು ಒಡೆಯರ ಮರ್ಜಿಯಲ್ಲಿದ್ದ. ಒಂದೇ ಮಳೆ, ಒಂದೇ ಮಣ್ಣು, ಕಸುವೂ ಅಷ್ಟೇ. ಆದರೂ ಮರ ನೆಡುವ ಉಮೇದು ಒಬ್ಬನಿಗಿತ್ತು, ಇನ್ನೊಬ್ಬನಿಗೆ ಇರಲಿಲ್ಲ. ಅದನ್ನು ಸ್ವಭಾವದ ಲೆಕ್ಕಕ್ಕೆ ಹಾಕುವುದು ಅನ್ಯಾಯ. ಶೃಂಗೇರಿಯಲ್ಲಿ ಒಡೆತನ ಮಠದ್ದಾಗಿತ್ತು; 1346ರಲ್ಲಿ ವಿಜಯನಗರದ ಹರಿಹರ ಮತ್ತು ಅವನ ಸಹೋದರರು ಕೊಟ್ಟ ದತ್ತಿಯಿಂದ ಬೆಳೆದು ಬಂದ ಜಹಗೀರು ಅದು. 1955ರ ಧಾರ್ಮಿಕ ಇನಾಂ ರದ್ದತಿ ಕಾಯಿದೆ ಬರುವವರೆಗೆ ಅಲ್ಲಿಯ ರೈತರಿಗೂ ಸರ್ಕಾರಕ್ಕೂ ನಡುವೆ ಇನ್ನೊಂದು ಬಾಗಿಲಿತ್ತು.

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಈ ವಾದಕ್ಕೆ ದೊಡ್ಡ ಪುರಾವೆ. ದೇವರಾಜ ಅರಸರ ಸರ್ಕಾರ ಗೇಣಿ ಜಮೀನನ್ನೆಲ್ಲ ತನ್ನ ವಶಕ್ಕೆ ತೆಗೆದುಕೊಂಡಿತು. ಒಕ್ಕಲುಗಳು ಫಾರಂ 7 ತುಂಬಿ, ಅಂದರೆ ಊರಿನವರ ಮಾತಿನಲ್ಲಿ ಡಿಕ್ಲರೇಷನ್ ಹಾಕಿ, ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಒಡೆಯರ ಜಗಲಿ ಹತ್ತಲು ಅಂಜುತ್ತಿದ್ದವರಿಗೆ ಅವರ ಎದುರೇ ಹೇಳಿಕೆ ಕೊಡುವ ಸ್ಥೈರ್ಯ ಬಂದದ್ದು, ಕೊಡಲು ಒಂದು ಫಾರಂ, ಕೇಳಲು ಒಂದು ಮಂಡಳಿ ಇದ್ದುದರಿಂದ. ಹೀಗೆ ಸಿಕ್ಕ ಜಮೀನನ್ನು 15 ವರ್ಷ ಮಾರುವಂತಿಲ್ಲ, ಆದರೆ ಬ್ಯಾಂಕು, ಸಹಕಾರ ಸಂಘಗಳಿಗೆ ಅಡವಿಟ್ಟು ಸಾಲ ತೆಗೆಯಬಹುದು ಎಂಬ ಷರತ್ತನ್ನು ಹೆಚ್ಚಿನವರು ಗಮನಿಸುವುದಿಲ್ಲ. ಸಸಿ ನೆಟ್ಟು ಫಸಲು ಕಾಣುವುದಕ್ಕೆ ಅಷ್ಟು ಅವಧಿ ಧಾರಾಳ ಸಾಕು. ಕಾನೂನು ಮಾಡಿದವರಿಗೆ ಅಡಿಕೆಯ ಯೋಚನೆ ಇತ್ತೋ ಇಲ್ಲವೋ, ಹೊಸ ಒಡೆಯರಿಗೆ ಗುರಿಯನ್ನೂ ಬಂಡವಾಳವನ್ನೂ ಒಟ್ಟಿಗೆ ಒದಗಿಸಿಕೊಟ್ಟದ್ದು ಆ ಷರತ್ತು.

ಖಾತ್ರಿ ಮೊದಲು, ಧೈರ್ಯ ಆಮೇಲೆ ಎಂಬ ಈ ವಾದಕ್ಕೆ ಆಕ್ಷೇಪ ಉಂಟು. ಕಳೆದ ಶತಮಾನದ ಮಧ್ಯಭಾಗದಿಂದ ಕೇರಳದ ಕುಟುಂಬಗಳು ನರಸಿಂಹರಾಜಪುರದ ಕಡೆ ಬಂದು ನೆಲೆಸಿ ರಬ್ಬರ್ ಬೆಳೆಸಿದವಲ್ಲ, ಅವರ ಬೆನ್ನಿಗೆ ಯಾವ ಖಾತ್ರಿ ಇತ್ತು? ಸರ್ಕಾರಿ ಜಮೀನನ್ನು ಅನುಮತಿಯಿಲ್ಲದೆ ಉಳುವ ಬಗರ್‌ಹುಕುಂ ಸಾಗುವಳಿದಾರರು ಒಂದು ಚೂರು ಹಕ್ಕುಪತ್ರವೂ ಇಲ್ಲದೆ ತೋಟ ಎಬ್ಬಿಸಿಲ್ಲವೇ? ಸಾಹಸವನ್ನು ಅಲ್ಲಗಳೆಯಲು ಬರುವುದಿಲ್ಲ. ಆದರೆ ಬಗರ್‌ಹುಕುಂ ರೈತ ಕಾಗದವನ್ನು ಧಿಕ್ಕರಿಸಿದವನಲ್ಲ, ಕಾಗದಕ್ಕಾಗಿ ಕಾದವನು. ಫಾರಂ 50, ಆಮೇಲೆ 53, ಆಮೇಲೆ 57 ಎಂದು ಅರ್ಜಿಗಳು ಬಂದಷ್ಟು ಸಲವೂ ಸರತಿಯಲ್ಲಿ ನಿಂತವನು. ನೆಟ್ಟ ಮರವೇ ಸಾಗುವಳಿಯ ಸಾಕ್ಷಿಯಾದೀತೆಂದು ನೆಟ್ಟವನೂ ಹೌದು. ಕೇರಳದವರ ವಿಷಯದಲ್ಲಿ ಒಪ್ಪಬೇಕಾದದ್ದು ಹೆಚ್ಚಿದೆ: ತಮ್ಮೂರಿನ ಇಕ್ಕಟ್ಟಿಗಿಂತ ಅಪರಿಚಿತ ಕಾಡೇ ವಾಸಿ ಎನಿಸಿದಾಗ ಮನುಷ್ಯ ಖಾತ್ರಿ ಕೇಳುತ್ತ ಕೂರುವುದಿಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಭದ್ರಾ ಅಣೆಕಟ್ಟಿನ ಹಿನ್ನೀರು ಅದೇ ನರಸಿಂಹರಾಜಪುರದ ನೆಲವನ್ನು ಮುಳುಗಿಸಿದಾಗ ಪಟ್ಟಾ ಇದ್ದವರ ಗದ್ದೆಯನ್ನು ನೀರು ಬಿಟ್ಟು ಹರಿಯಲಿಲ್ಲ. ನಿಜ, ದಾಖಲೆ ನೆಲವನ್ನು ಉಳಿಸಲಾರದು, ಪರಿಹಾರ ಕೇಳುವ ಬಾಯಿಯನ್ನಷ್ಟೇ ಕೊಡುತ್ತದೆ.

ಹೊರಗಿನವರ ಪ್ರವೇಶದ ಕಥೆಯೂ ಇದೇ ದಾರಿಯಲ್ಲಿ ಸಾಗಿದೆ. ಕಾಫಿ, ಮೆಣಸು, ಏಲಕ್ಕಿ, ರಬ್ಬರ್‌ಗಳನ್ನು ಭೂಸುಧಾರಣೆ ಕಾಯಿದೆ ಪ್ಲಾಂಟೇಷನ್ ಬೆಳೆಗಳೆಂದು ಕರೆದು ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವುದನ್ನು ತಡೆಯುತ್ತಿದ್ದ 79ಎ, 79ಬಿ ಕಲಂಗಳಿಂದ ಹೊರಗಿಟ್ಟಿತು. ಅಡಿಕೆ ಆ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಕೃಷಿಕರಲ್ಲದವರು ಕೊಪ್ಪದಲ್ಲಿ ಕಾಫಿ ಎಸ್ಟೇಟು ಕೊಳ್ಳಬಹುದಿತ್ತು, ಪಕ್ಕದ ಅಡಿಕೆ ತೋಟಕ್ಕೆ ಕೈ ಹಾಕುವಂತಿರಲಿಲ್ಲ. 2020ರ ತಿದ್ದುಪಡಿ ಆ ಎರಡು ಕಲಂಗಳನ್ನೂ ತೆಗೆದುಹಾಕಿತು. ಈಗ ನಗರದಿಂದ ಬರುವವರಿಗೆ ಹಕ್ಕಿನ ಮಟ್ಟಿಗೆ, ಚಾಲಗೇಣಿ ಒಕ್ಕಲು ಕನಸಿನಲ್ಲೂ ಕಾಣದ ಭದ್ರತೆ ಇದೆ. ಇಲ್ಲದಿರುವುದು ಬೆಳೆಯ ಭದ್ರತೆ. ಶೃಂಗೇರಿ, ಕೊಪ್ಪ ಸೀಮೆಯ ತೋಟಗಳನ್ನು ದಶಕಗಳಿಂದ ತಿನ್ನುತ್ತಿರುವ ಹಳದಿ ಎಲೆ ರೋಗಕ್ಕೆ ಮದ್ದಿಲ್ಲ. ಜೊತೆಗೆ ಈಚೆಗೆ ಎಲೆಚುಕ್ಕೆ ರೋಗವೂ ಸೇರಿಕೊಂಡಿದೆ. ಪಹಣಿಯ 11ನೇ ಕಾಲಂ ಜಮೀನಿನ ಮೇಲಿನ ಸಾಲವನ್ನು ತೋರಿಸುತ್ತದೆ, ಮರದ ಸುಳಿಯ ಸ್ಥಿತಿಯನ್ನು ತೋರಿಸುವುದಿಲ್ಲ. ಅದಕ್ಕಾಗಿಯೇ ರೋಗ ಬಿದ್ದ ತೋಟಗಳಲ್ಲಿ ಅಡಿಕೆಯ ನಡುವೆ ಕಾಫಿ, ಮೆಣಸು ಹಾಕಿಕೊಂಡು ಹೋಗುತ್ತಿದ್ದಾರೆ. ಆ ಗಿಡಬಳ್ಳಿಗಳೂ ಫಸಲು ಕೊಡುವುದು ಮೂರು ನಾಲ್ಕು ವರ್ಷದ ಮೇಲೆಯೇ.