ಅಮೆರಿಕಾದಿಂದ ಬಂದು ಕವಾಯತು ಕಲಿಸಿದ ಡಾಕ್ಟರು

ಬೆಂಗಳೂರಿನಿಂದ ಸೊರಬಕ್ಕೆ ಹೊರಟಾಗಲೆಲ್ಲ, ಬಸ್ಸು ಶಿಕಾರಿಪುರ ಮುಟ್ಟೋ ಹೊತ್ತಿಗೆ ನನಗೆ ಈಸೂರು ನೆನಪಾಗುತ್ತೆ. 1942ರ ಸೆಪ್ಟೆಂಬರ್‌ನಲ್ಲಿ ಆ ಊರಿನವರು ವೀರಭದ್ರನ ಗುಡಿಯ ಮೇಲೆ ಬಾವುಟ ಏರಿಸಿ, ಇನ್ಮೇಲೆ ನಾವು ಸ್ವತಂತ್ರರು ಅಂತ ಸಾರಿದರು. ಊರ ಹುಡುಗರನ್ನೇ ಅಮಲ್ದಾರ, ಸಬ್‌ಇನ್ಸ್‌ಪೆಕ್ಟರ್ ಮಾಡಿಬಿಟ್ಟರು. ಕಥೆಯ ಈ ಭಾಗ ಎಲ್ಲರಿಗೂ ಇಷ್ಟ. ಮುಂದಿನದನ್ನು ಸ್ವಲ್ಪ ಮೆಲುದನಿಯಲ್ಲಿ ಹೇಳ್ತೀವಿ. ಸರ್ಕಾರದ ಅಮಲ್ದಾರರು ಪೊಲೀಸರ ಜೊತೆ ಬಂದಾಗ ಘರ್ಷಣೆಯಾಯಿತು. ಅಮಲ್ದಾರ ಚನ್ನಕೃಷ್ಣಪ್ಪ, ಸಬ್‌ಇನ್ಸ್‌ಪೆಕ್ಟರ್ ಕೆಂಚೇಗೌಡ ಇಬ್ಬರೂ ಗುಂಪಿನ ಕೈಯಲ್ಲಿ ಸತ್ತರು. 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು.

ಏಳು ಜೀವ. ಆ ದಿನದ ಸಿಟ್ಟನ್ನು ಯಾರಾದರೂ ಒಂದು ಸಾಲಿನಲ್ಲಿ ನಿಲ್ಲಿಸೋಕೆ ಆಗ್ತಿತ್ತಾ? ಅಂಥ ಕೆಲಸಕ್ಕಾಗಿ ಜೀವನವಿಡೀ ತೇಯ್ದ ಒಬ್ಬರು ನಮ್ಮಲ್ಲೇ ಇದ್ದರು: ಡಾ. ನಾ.ಸು. ಹರ್ಡೀಕರ.

1889ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಕಲ್ಕತ್ತಾದಲ್ಲಿ ವೈದ್ಯಕೀಯ ಓದಿ, ಅಮೆರಿಕಾದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಎಂ.ಎಸ್ಸಿ. ಮಾಡಿದರು. ಅಲ್ಲಿ ಲಾಲಾ ಲಜಪತರಾಯರು ಸಿಕ್ಕಿದ್ದೇ ದಾರಿ ಬದಲಾಯಿತು. ಇಬ್ಬರೂ ಸೇರಿ ಹೋಂ ರೂಲ್ ಲೀಗ್ ಕಟ್ಟಿದರು. ಹರ್ಡೀಕರರು ಊರೂರು ಸುತ್ತಿ ಅಮೆರಿಕನ್ನರಿಗೆ ಭಾರತದ ಕಷ್ಟ ವಿವರಿಸಿದರು. ತನ್ನದೇ ಸರ್ಕಾರ ಇಲ್ಲದ ದೇಶಕ್ಕೊಬ್ಬ ಸಂಬಳವಿಲ್ಲದ ರಾಯಭಾರಿ ಅನ್ನಿ!

1921ರಲ್ಲಿ ವಾಪಸ್ ಬಂದವರು ಕ್ಲಿನಿಕ್ ತೆರೆದು ಆರಾಮಾಗಿ ಇರಬಹುದಿತ್ತು. ಬದಲಿಗೆ ಹುಬ್ಬಳ್ಳಿಯ ಹುಡುಗರನ್ನು ಸೇರಿಸಿ ಸೇವಾ ಮಂಡಲ ಕಟ್ಟಿದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲು ಸೇರಿದ ಎಷ್ಟೋ ಮಂದಿ ಕ್ಷಮೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯವರು ಬರೆಯಲಿಲ್ಲ. ಅದೇ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್‌ನಲ್ಲಿ ಹಿಂದುಸ್ತಾನಿ ಸೇವಾದಳ ಹುಟ್ಟಿತು. ನೆಹರೂ ಅದರ ಮೊದಲ ಅಧ್ಯಕ್ಷರು. 'ಇದೇನು, ಅಹಿಂಸೆ ಅಂತ ಹೇಳ್ಕೊಂಡು ಸಿಪಾಯಿಗಳ ಥರ ಕವಾಯತಾ?' ಅನ್ನೋ ಆತಂಕ ಕಾಂಗ್ರೆಸ್ಸಿನೊಳಗೇ ಇತ್ತು. ಅದು ಸುಳ್ಳು ಆತಂಕವೇನಲ್ಲ. ಆದರೂ ಲಾಠಿ ಬಿದ್ದಾಗ ಕೈ ಎತ್ತದೆ ನಿಲ್ಲೋದಕ್ಕೂ ಅಭ್ಯಾಸ ಬೇಕು, ಬರೀ ಭಾಷಣ ಸಾಲಲ್ಲ ಅನ್ನೋದು ನನ್ನ ಲೆಕ್ಕ.

ಬಾಗಲಕೋಟೆಯಲ್ಲಿ ತರಬೇತಿ ನಡೆಯಿತು. 1924ರ ಬೆಳಗಾವಿ ಅಧಿವೇಶನದಲ್ಲಿ ಸ್ವಯಂಸೇವಕರು ದುಡಿದರು. ಪ್ರತಿ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಊರೂರಲ್ಲಿ ಧ್ವಜವಂದನೆ ಮಾಡೋ ರೂಢಿ ತಂದದ್ದೂ ಇದೇ ದಳ. ನಮ್ಮ ವೀಕೆಂಡ್ ನಿದ್ದೆಯ ಹೊತ್ತು!

1931ರಲ್ಲಿ ಕಾಂಗ್ರೆಸ್ ದಳವನ್ನು ತನ್ನ ಹಿಡಿತಕ್ಕೆ ತಗೊಂಡಿತು, 1932ರಲ್ಲಿ ಬ್ರಿಟಿಷರು ನಿಷೇಧಿಸಿದರು. ಹತ್ತು ವರ್ಷ ಕಳೆದು ಈಸೂರಿನ ಗುಡಿ ಮೇಲೆ ಬಾವುಟ ಏರಿತು. ಅದರ ಕೆಳಗೆ ನಿಂತಿದ್ದು ಗುಂಪು, ದಳ ಅಲ್ಲ.

ಹರ್ಡೀಕರರು ಘಟಪ್ರಭಾದಲ್ಲಿ ಗೆಳೆಯರ ಜೊತೆ ಆರೋಗ್ಯಧಾಮ ಕಟ್ಟಿದರು. 1952ರಿಂದ ಹತ್ತು ವರ್ಷ ರಾಜ್ಯಸಭೆಯಲ್ಲಿದ್ದು, 1975ರಲ್ಲಿ ತೀರಿಕೊಂಡರು. ಆ ಆಸ್ಪತ್ರೆಗೆ ಇವತ್ತಿಗೂ ರೋಗಿಗಳು ಬರ್ತಾರೆ.