ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಕೆಲಸ: ರಾತ್ರಿ 10ರವರೆಗೆ ಎಷ್ಟು ಸದ್ದು ಮಾಡಿದರೂ ಕೇಳುವಂತಿಲ್ಲವೇ?

“ಹಗಲಲ್ಲಿ ಕಟ್ಟಡದ ಕೆಲಸ ಎಷ್ಟೇ ಸದ್ದು ಮಾಡಲಿ, ರಾತ್ರಿ 10ರವರೆಗೆ ಯಾರೂ ಪ್ರಶ್ನಿಸುವಂತಿಲ್ಲ.” “ಮೊಬೈಲ್ ಆ್ಯಪ್‌ನಲ್ಲಿ 55 ಡೆಸಿಬಲ್ ದಾಟಿದರೆ ಸಾಕು, ಕೆಲಸ ನಿಲ್ಲಿಸಬಹುದು.” ಪಕ್ಕದ ಸೈಟಿನಲ್ಲಿ ಹೊಸ ಅಪಾರ್ಟ್‌ಮೆಂಟ್ ಏಳತೊಡಗಿದರೆ ಬಡಾವಣೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಇಂಥ ಮಾತುಗಳು ಸಾಮಾನ್ಯ. ಇವು ನಿಜವೇ ಎಂದು ನೋಡೋಣ.

ಚುಟುಕಾಗಿ ಹೇಳುವುದಾದರೆ, ಮೊದಲನೆಯದು ತಪ್ಪು; ಎರಡನೆಯದು ಅರ್ಧ ಸತ್ಯ.

ನಿಯಮ ಏನು ಹೇಳುತ್ತದೆ?

ದೇಶದಾದ್ಯಂತ ಜಾರಿಯಲ್ಲಿರುವುದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು. ವಸತಿ ಪ್ರದೇಶದಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ ಇದು 50 ಮತ್ತು 40. ಅಂದರೆ ಹಗಲಿಗೂ ಮಿತಿ ಇದೆ.

ರಾತ್ರಿಯ ವಿಷಯದಲ್ಲಿ ನಿಯಮ ಇನ್ನೂ ಬಿಗಿ. 2010ರ ತಿದ್ದುಪಡಿಯ ಪ್ರಕಾರ ವಸತಿ ಪ್ರದೇಶ ಮತ್ತು ನಿಶ್ಶಬ್ದ ವಲಯದಲ್ಲಿ ರಾತ್ರಿ ವೇಳೆ ಸದ್ದು ಮಾಡುವ ನಿರ್ಮಾಣ ಯಂತ್ರಗಳನ್ನು ಬಳಸುವಂತೆಯೇ ಇಲ್ಲ. ಇಲ್ಲಿ ಡೆಸಿಬಲ್ ಅಳೆದು ತೋರಿಸುವ ಅಗತ್ಯವಿಲ್ಲ. ಯಂತ್ರ ಓಡುತ್ತಿದೆ ಎಂಬುದೇ ಉಲ್ಲಂಘನೆ.

ಹಗಲಿನ ದೂರಿಗೆ ಮಾತ್ರ ಅಳತೆ ಬೇಕು. ಸದ್ದು ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕೂ ಹೆಚ್ಚಾದರೆ, ಅಂದರೆ ವಸತಿ ಪ್ರದೇಶದಲ್ಲಿ 65 ಮುಟ್ಟಿದರೆ, ದೂರು ಕೊಡಬಹುದು ಎನ್ನುತ್ತದೆ ನಿಯಮ.

ಆ್ಯಪ್‌ನ ಅಂಕಿ ಏಕೆ ಸಾಲದು?

ಮೊದಲ ಕಾರಣ, ಕಾನೂನಿನ ಮಿತಿ ಒಂದು ಕ್ಷಣದ ಸದ್ದಿಗಲ್ಲ, ನಿಗದಿತ ಅವಧಿಯ ಸರಾಸರಿಗೆ. ಡೆಸಿಬಲ್ ಲೆಕ್ಕವೂ ವಿಚಿತ್ರ: 10 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನಿಸುತ್ತದೆ.

ಒಂದು ಉದಾಹರಣೆ. ದಿನವೆಲ್ಲ 50 ಡೆಸಿಬಲ್ ಇರುವ ಬೀದಿಯಲ್ಲಿ ಒಂದೇ ಒಂದು ಗಂಟೆ 75 ಡೆಸಿಬಲ್‌ನಲ್ಲಿ ಬ್ರೇಕರ್ ಓಡಿತು ಎನ್ನಿ. ಹಗಲಿನ 16 ಗಂಟೆಗೆ ಹರಡಿ ಲೆಕ್ಕ ಹಾಕಿದರೆ ಸರಾಸರಿ ಸುಮಾರು 63ಕ್ಕೆ ಬರುತ್ತದೆ. 55ರ ಮಿತಿ ದಾಟಿತು, ಆದರೆ ದೂರಿಗೆ ಬೇಕಾದ 65 ಮುಟ್ಟಲಿಲ್ಲ. ಆ ಒಂದು ಗಂಟೆ ಮಗುವಿನ ನಿದ್ದೆ ಕೆಟ್ಟಿದ್ದು, ಪರೀಕ್ಷೆಗೆ ಓದುವವರು ಪುಸ್ತಕ ಮುಚ್ಚಿದ್ದು ಸರಾಸರಿಯಲ್ಲಿ ಕಾಣುವುದಿಲ್ಲ. ಹಾಗಾಗಿ ಜೋರು ಸದ್ದಿನ ಹೊತ್ತನ್ನು ಮೊದಲೇ ತಿಳಿಸುವಂತೆ ಬಿಲ್ಡರನ್ನು ಕೇಳುವುದು ಎಷ್ಟೋ ಸಲ ಅಂಕಿ ಹಿಡಿದು ಜಗಳವಾಡುವುದಕ್ಕಿಂತ ಉಪಯೋಗಕ್ಕೆ ಬರುತ್ತದೆ.

ಎರಡನೇ ಕಾರಣ, ಫೋನಿನ ಮೈಕ್ ಮಾತಿಗಾಗಿ ಮಾಡಿದ್ದು, ಅಳತೆಗಲ್ಲ. ಒಂದೇ ಜಾಗದಲ್ಲಿ ಎರಡು ಫೋನ್ ಎರಡು ಅಂಕಿ ತೋರಿಸಬಹುದು. ಆದರೆ ಅದೇ ಫೋನ್, ಅದೇ ಕಿಟಕಿ, ಕೆಲಸ ಇಲ್ಲದಾಗ ಒಮ್ಮೆ, ಇದ್ದಾಗ ಒಮ್ಮೆ ಅಳೆದರೆ ವ್ಯತ್ಯಾಸದ ಅಂದಾಜು ಸಿಗುತ್ತದೆ.

ದೂರವೂ ಮುಖ್ಯ. ಬಯಲಿನಲ್ಲಿ ಒಂದೇ ಯಂತ್ರದ ಸದ್ದು ಅಂತರ ಎರಡು ಪಟ್ಟಾದಂತೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಇಕ್ಕಟ್ಟಿನ ಗಲ್ಲಿಯಲ್ಲಿ ಗೋಡೆಗಳು ಸದ್ದನ್ನು ಹಿಂದಕ್ಕೆ ಎಸೆಯುವುದರಿಂದ ಅಷ್ಟು ಇಳಿಯದು. ನಾಲ್ಕು ಮನೆ ಆಚೆಯವರು “ನಮಗೇನೂ ಕೇಳಿಸುತ್ತಿಲ್ಲ” ಎಂದರೆ ನಿಮ್ಮ ದೂರು ಸುಳ್ಳಾಗುವುದಿಲ್ಲ.

ಕಟ್ಟುವ ಮೊದಲು ಯಾರೂ ಅಂದಾಜು ಮಾಡುವುದಿಲ್ಲವೇ?

2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಅಥವಾ ಹೆಚ್ಚು ನಿರ್ಮಿತ ವಿಸ್ತೀರ್ಣದ ಕಟ್ಟಡಕ್ಕೆ ಮುಂಚಿತ ಪರಿಸರ ಅನುಮತಿ ಬೇಕು. ಆದರೆ ಕಟ್ಟಡ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಇದೆ. ಹಾಗಾಗಿ ನೆರೆಯವರನ್ನು ಯಾರೂ ಕರೆದು ಕೇಳುವುದಿಲ್ಲ. ಅನುಮತಿ ಪತ್ರಗಳು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಸಿಗುತ್ತವೆ. ಅದರಲ್ಲಿ ಬಿಲ್ಡರಿಗೆ ಹಾಕಿದ ಷರತ್ತುಗಳಿರುತ್ತವೆ. ಸಣ್ಣ ಕಟ್ಟಡಗಳಿಗೆ ಈ ಅನುಮತಿ ಬೇಡ. ಶಬ್ದ ನಿಯಮ ಮಾತ್ರ ಎಲ್ಲರಿಗೂ ಒಂದೇ.

ಕೆಲಸ ಮುಗಿದ ಮೇಲಿನ ಸದ್ದನ್ನೂ ಈಗಲೇ ಯೋಚಿಸಿ. 1000 ಕೆವಿಎವರೆಗಿನ ಡೀಸೆಲ್ ಜನರೇಟರ್ ಸದ್ದು ಅದರ ಮುಚ್ಚಿದ ಪೆಟ್ಟಿಗೆಯಿಂದ 1 ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು. ಅದು ನಿಮ್ಮ ಮಲಗುವ ಕೋಣೆಯ ಕಡೆ ಬರುತ್ತದೆಯೇ ಎಂದು ಪ್ಲಾನ್ ಹಂತದಲ್ಲೇ ಕೇಳಿ. ಒಳ್ಳೆಯ ನಿದ್ದೆಗೆ ಕೋಣೆಯೊಳಗಿನ ಸದ್ದು 30 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ಹೇಳಿದೆ.

ನೀವು ಏನು ಮಾಡಬಹುದು?

• ದಿನಾಂಕ, ಶುರುವಾದ ಮತ್ತು ನಿಂತ ಹೊತ್ತು, ಯಾವ ಯಂತ್ರ ಎಂದು ಒಂದು ವಾರ ಬರೆದಿಡಿ.
• ರಾತ್ರಿ 10ರ ನಂತರ ಯಂತ್ರ ಓಡಿದರೆ ಸಮಯ ಕಾಣುವಂತೆ ವಿಡಿಯೊ ಮಾಡಿ, 112ಕ್ಕೆ ಕರೆ ಮಾಡಿ.
• ಹಗಲಿನ ಸದ್ದಿಗೆ ಪೊಲೀಸರಿಗೆ ಲಿಖಿತ ದೂರು ಕೊಡಿ. ಅಳತೆ ಮಾಡಿಸುವಂತೆ ಕೋರಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರೆಯಿರಿ.
• ಒಬ್ಬರೇ ಹೋಗುವ ಬದಲು ಅಕ್ಕಪಕ್ಕದವರ ಸಹಿಯನ್ನೂ ಸೇರಿಸಿ.

ನಮ್ಮ ತೀರ್ಮಾನ: ಹಗಲಿಗೂ ಮಿತಿ ಇದೆ, ರಾತ್ರಿ ಯಂತ್ರಕ್ಕೆ ನಿಷೇಧವೇ ಇದೆ. ಆದರೆ ಆ್ಯಪ್‌ನ ಒಂದು ಸ್ಕ್ರೀನ್‌ಶಾಟ್‌ನಿಂದ ಕೆಲಸ ನಿಲ್ಲುವುದಿಲ್ಲ. ಮುಂದಿನ ಸಲ ಗ್ರೂಪಿನಲ್ಲಿ ಈ ಚರ್ಚೆ ಎದ್ದರೆ ಇದನ್ನು ಕಳಿಸಿ.